ಹಳೆ ಸಿನಿಮಾ ಮತ್ತೆ ತೆರೆಗೆ: ಕರಾವಳಿಯ ನೆನಪಿಗೂ ಒಂದು ಶೋ ಸಿಗುತ್ತದಾ?

ಮಂಗಳೂರು, ಮಣಿಪಾಲದ ಮಲ್ಟಿಪ್ಲೆಕ್ಸ್‌ಗಳಲ್ಲಿ ಸಿನಿಮಾ ನೋಡುವವರಿಗೆ ಇತ್ತೀಚೆಗೆ ಒಂದು ಗೊಂದಲ. ಬುಕಿಂಗ್ ಆ್ಯಪ್ ತೆರೆದರೆ, ಶುಕ್ರವಾರ ಬಂದ ಹೊಸ ಕನ್ನಡ ಸಿನಿಮಾಕ್ಕೆ ಕೆಲವೊಮ್ಮೆ ಬೆಳಿಗ್ಗೆಯ ಒಂದೇ ಶೋ. ಅದರ ಪಕ್ಕದಲ್ಲೇ ಇಪ್ಪತ್ತು ವರ್ಷ ಹಿಂದಿನ ಸಿನಿಮಾಕ್ಕೆ ಸಂಜೆಯ ಶೋ, ಮೇಲೆ ಚಿತ್ರ ಹೆಚ್ಚು ಸ್ಪಷ್ಟ ಎಂದು ಹೇಳುವ ‘4ಕೆ’ ಹಣೆಪಟ್ಟಿ. ಟಿವಿಯಲ್ಲಿ ನೂರು ಸಲ ಬಂದದ್ದನ್ನು ದುಡ್ಡು ಕೊಟ್ಟು ಯಾರು ನೋಡುತ್ತಾರೆ ಎಂದು ಒಬ್ಬರು ಕೇಳುತ್ತಾರೆ. ಅದನ್ನು ತರುವವರು ನಾವು ಕಾಲೇಜು ದಿನಗಳಲ್ಲಿ ನೋಡಿದ್ದನ್ನು ಯಾಕೆ ತರುವುದಿಲ್ಲ ಎಂದು ಇನ್ನೊಬ್ಬರು ಕೇಳುತ್ತಾರೆ.

ಎರಡನೇ ಪ್ರಶ್ನೆಯೇ ಮುಖ್ಯ. ಜನ ಹೆಚ್ಚು ಪ್ರೀತಿಸಿದ ಸಿನಿಮಾ ವಾಪಸ್ ಬರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ವಾಪಸ್ ಬರುವುದು ನೆಗೆಟಿವ್ (ಚಿತ್ರೀಕರಣದ ಮೂಲ ಫಿಲ್ಮ್) ಉಳಿದಿರುವ, ಹಕ್ಕು ಒಬ್ಬರ ಕೈಯಲ್ಲೇ ಇರುವ, ಅಭಿಮಾನಿ ಸಂಘದ ಕ್ಯಾಲೆಂಡರಿನಲ್ಲಿ ನಟರ ಹುಟ್ಟುಹಬ್ಬದಂಥ ದಿನಾಂಕ ಇರುವ ಸಿನಿಮಾ. ಜನರ ಪ್ರೀತಿಗೆ ಇಲ್ಲಿ ನಾಲ್ಕನೇ ಸ್ಥಾನ.

ಮರುಬಿಡುಗಡೆ ಹೊಸತೇನಲ್ಲ

ರೀಲಿನ ಕಾಲದಲ್ಲಿ ಪ್ರಿಂಟುಗಳ ಸಂಖ್ಯೆ ಕಡಿಮೆ. ದೊಡ್ಡ ಊರುಗಳಲ್ಲಿ ಓಡಿ ಸುಸ್ತಾದ ಪ್ರಿಂಟು ತಿಂಗಳುಗಳ ನಂತರ ಡಬ್ಬದಲ್ಲಿ ಸಣ್ಣ ಊರಿನ ಟಾಕೀಸಿಗೆ ಬರುತ್ತಿತ್ತು. ಅಷ್ಟರಲ್ಲಿ ಅದರ ಮೈತುಂಬ ಗೀರು ಬಿದ್ದಿರುತ್ತಿತ್ತು. ಹೊಸದು ಸಿಗದ ವಾರ ಹಳೆಯದನ್ನೇ ಹಾಕುತ್ತಿದ್ದರು. 1995ರಲ್ಲಿ ಬಂದ ‘ಓಂ’ ಹೀಗೆ ನೂರಾರು ಸಲ ಮರಳಿ ತೆರೆಗೆ ಬಂದು ದಾಖಲೆಯನ್ನೇ ಮಾಡಿತು.

ಇದಕ್ಕೆ ಕತ್ತರಿ ಹಾಕಿದ್ದು ಟಿವಿ. 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ ದಿನಕ್ಕೊಂದು ಹಳೆ ಸಿನಿಮಾ ಮನೆಯೊಳಗೇ ಬಂತು. ಆಮೇಲೆ ವಿಸಿಡಿ, ಮತ್ತೆ ಯೂಟ್ಯೂಬ್. ಹಳೆಯದನ್ನು ನೋಡಲು ಟಾಕೀಸಿಗೆ ಹೋಗುವ ಅಗತ್ಯವೇ ಇರಲಿಲ್ಲ.

ಹಾಗಿದ್ದೂ 2024ರಿಂದ ಅಲೆ ಮತ್ತೆ ಎದ್ದಿತು. ಆ ವರ್ಷ ಏಪ್ರಿಲ್‌ನಲ್ಲಿ ತಮಿಳಿನ ‘ಗಿಲ್ಲಿ’ ಇಪ್ಪತ್ತು ವರ್ಷದ ನಂತರ ಬಂದು ಜನ ಸೇರಿಸಿತು. ಸೆಪ್ಟೆಂಬರಿನಲ್ಲಿ ಬಂದ ಹಿಂದಿಯ ‘ತುಂಬಾಡ್’ 2018ರ ಮೊದಲ ಬಿಡುಗಡೆಗಿಂತ ಜಾಸ್ತಿ ಗಳಿಸಿತು. ಥಿಯೇಟರ್ ಮಾಲೀಕರ ಕಣ್ಣು ತೆರೆಸಿದ್ದು ಇದೇ. ಕನ್ನಡದಲ್ಲಿ ಅದೇ ವರ್ಷ ‘ಜಾಕಿ’ ಮತ್ತು ಉಪೇಂದ್ರ ಅವರ ‘ಎ’ ಬಂದವು. 2025ರ ಮಾರ್ಚ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ 50ನೇ ಹುಟ್ಟುಹಬ್ಬಕ್ಕೆ ‘ಅಪ್ಪು’ ಬಂತು.

ಥಿಯೇಟರಿನ ಲೆಕ್ಕ

ಒಂದು ಶೋ ನಡೆಸಲು ಎಸಿ, ಕರೆಂಟು, ಸಿಬ್ಬಂದಿ ಬೇಕೇ ಬೇಕು. ಒಳಗೆ ಹತ್ತು ಜನ ಇದ್ದರೂ ಖರ್ಚು ಅಷ್ಟೇ, ಇನ್ನೂರು ಜನ ಇದ್ದರೂ ಅಷ್ಟೇ. ದೊಡ್ಡ ಸ್ಟಾರ್‌ಗಳ ಸಿನಿಮಾ ವರ್ಷಕ್ಕೆ ಒಂದೋ ಎರಡೋ. ಪರೀಕ್ಷೆ, ಐಪಿಎಲ್, ಕರಾವಳಿಯಲ್ಲಾದರೆ ಜೋರು ಮಳೆ. ಇಂಥ ತಿಂಗಳುಗಳಲ್ಲಿ ಪರದೆಗೆ ಏನಾದರೂ ಹಾಕಲೇಬೇಕು.

ಹಳೆ ಸಿನಿಮಾಕ್ಕೆ ಪ್ರಚಾರದ ಖರ್ಚು ಹೆಚ್ಚುಕಡಿಮೆ ಇಲ್ಲ. ಹೆಸರು ಹೇಳಿದರೆ ಸಾಕು. ಮೊದಲು ಪ್ರಿಂಟು ಹಾಕಿಸಿ ಲಾರಿಯಲ್ಲಿ ಕಳಿಸಬೇಕಿತ್ತು, ಈಗ ಡಿಜಿಟಲ್ ಕಡತ ಕಳಿಸಿದರಾಯಿತು. ಟಿಕೆಟ್ ದರ ಕಡಿಮೆ ಇಡಬಹುದು. ಅನೇಕ ಮರುಬಿಡುಗಡೆಗಳಿಗೆ 99 ರೂಪಾಯಿಯ ಟಿಕೆಟ್ ಕಾಣಿಸುವುದಕ್ಕೆ ತೆರಿಗೆಯೂ ಒಂದು ಕಾರಣ. 100 ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಮೊದಲು ಶೇ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5 ಆಗಿದೆ. ಅದಕ್ಕಿಂತ ಮೇಲಿನದಕ್ಕೆ ಶೇ 18. ನೂರರ ಗೆರೆ ದಾಟದಿದ್ದರೆ ಥಿಯೇಟರಿಗೂ ಪ್ರೇಕ್ಷಕರಿಗೂ ಲಾಭ.

ಅದೇ ತಿಂಗಳು ರಾಜ್ಯ ಸರ್ಕಾರ ಹೆಚ್ಚುಕಡಿಮೆ ಎಲ್ಲ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿದ್ದು, ಕೆಲವೇ ದಿನಗಳಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟದ್ದು ಬೇರೆ ಕಥೆ. ಇದನ್ನೂ ಅದನ್ನೂ ಸೇರಿಸಿ ಗೊಂದಲ ಮಾಡಿಕೊಂಡವರು ಬಹಳ. ಮರುಬಿಡುಗಡೆಯ ದರಕ್ಕೂ ಆ ಮಿತಿಗೂ ಸಂಬಂಧ ಇಲ್ಲ.

ನೆನಪು ಯಾವ ವಯಸ್ಸಿನದು?

ಮನುಷ್ಯರಿಗೆ ಹತ್ತರಿಂದ ಮೂವತ್ತರ ನಡುವಿನ ನೆನಪು ಉಳಿದ ವಯಸ್ಸಿನದಕ್ಕಿಂತ ಗಟ್ಟಿಯಾಗಿರುತ್ತದೆ ಎಂದು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಮೊದಲ ಕೆಲಸ, ಮೊದಲ ಪ್ರೀತಿ, ಮೊದಲ ಸಲ ಒಬ್ಬರೇ ಪೇಟೆಗೆ ಹೋದದ್ದು ಎಲ್ಲವೂ ಆ ವಯಸ್ಸಿನದ್ದೇ. ಆಗ ನೋಡಿದ ಸಿನಿಮಾ ಇವುಗಳ ಜೊತೆ ಅಂಟಿಕೊಳ್ಳುತ್ತದೆ. ‘ಆಗಿನ ಸಿನಿಮಾ ಎಂಥಾ ಚಂದ’ ಎನ್ನುವಾಗ ಅರ್ಧ ಸಿನಿಮಾದ ಮಾತು, ಇನ್ನರ್ಧ ನಮ್ಮದೇ ಮಾತು.

ಹಾಗಾದರೆ 2002ರ ಸಿನಿಮಾಕ್ಕೆ 2025ರಲ್ಲಿ ಬಂದು ಶಿಳ್ಳೆ ಹೊಡೆಯುವ ಹತ್ತೊಂಬತ್ತರ ಹುಡುಗನಿಗೆ ಏನು ನೆನಪು? ಆ ಸಿನಿಮಾ ಬಂದಾಗ ಅವನು ಹುಟ್ಟಿಯೇ ಇರಲಿಲ್ಲ. ಅವನು ನೋಡಿದ್ದು ಟಿವಿಯಲ್ಲಿ, ಮೊಬೈಲಿನಲ್ಲಿ, ತುಂಡು ತುಂಡಾಗಿ. ಟಾಕೀಸಿನ ಗದ್ದಲದ ಬಗ್ಗೆ ಅಣ್ಣನೋ ಮಾವನೋ ಹೇಳಿದ್ದು ಕೇಳಿದ್ದಾನೆ. ಆ ಗದ್ದಲಕ್ಕಾಗಿ ಅವನು ಬರುತ್ತಾನೆ. ಡೈಲಾಗು ಬಾಯಿಪಾಠ, ಹಾಡು ಬಾಯಿಪಾಠ, ಕಥೆಯಲ್ಲಿ ತಿಳಿಯಬೇಕಾದ್ದು ಏನೂ ಇಲ್ಲ. ಯಕ್ಷಗಾನದ ಪ್ರೇಕ್ಷಕರಿಗೆ ಇದೇನೂ ವಿಚಿತ್ರ ಅಲ್ಲ, ಅಲ್ವಾ? ಪ್ರಸಂಗದ ಕಥೆ ಗೊತ್ತಿದ್ದೇ ರಾತ್ರಿಯಿಡೀ ಕೂರುವ ಊರು ಇದು.

ಹಾಗಾಗಿ ‘ಇದೆಲ್ಲ ಬರೀ ವಯಸ್ಸಾದವರ ಹಳಹಳಿಕೆ’ ಎಂಬ ಮಾತು ಸರಿಯಲ್ಲ. ಆದರೆ ಇದರಿಂದ ಒಂದು ಪರಿಣಾಮ ಆಗುತ್ತದೆ. ಕೂಗಿ ಸಂಭ್ರಮಿಸಲು ಬರುವ ಗುಂಪಿಗೆ ಬೇಕಾದದ್ದು ಸ್ಟಾರ್ ಸಿನಿಮಾ. ಸದ್ದಿಲ್ಲದೆ ಕೂತು ನೋಡಬೇಕಾದ ಹಳೆ ಸಿನಿಮಾಕ್ಕೆ ಈ ಮಾರುಕಟ್ಟೆಯಲ್ಲಿ ಜಾಗ ಕಡಿಮೆ.

ನೆಗೆಟಿವ್ ಎಲ್ಲಿದೆ?

ಎಲ್ಲ ತೊಡಕುಗಳ ಬೇರು ಇಲ್ಲಿದೆ. ಫಿಲ್ಮಿನಲ್ಲಿ ತೆಗೆದ ಸಿನಿಮಾವನ್ನು ಈಗ ತೋರಿಸಬೇಕಾದರೆ ಮೊದಲು ಸ್ಕ್ಯಾನ್ ಮಾಡಬೇಕು. ಸೆಕೆಂಡಿಗೆ 24 ಚೌಕಟ್ಟು. ಎರಡೂವರೆ ಗಂಟೆಯ ಸಿನಿಮಾದಲ್ಲಿ 2,16,000 ಚೌಕಟ್ಟುಗಳಾಗುತ್ತವೆ. ಒಂದೊಂದರ ಗೀರು, ಧೂಳು, ಬಣ್ಣ ಸರಿಮಾಡುವುದು ತಿಂಗಳುಗಳ ಕೆಲಸ. ಅದೂ ಮೂಲ ನೆಗೆಟಿವ್ ಸಿಕ್ಕಿದರೆ.

ಸಿಗುವುದೇ ಕಷ್ಟ. ಕನ್ನಡ ಚಿತ್ರರಂಗದ ಲ್ಯಾಬ್ ಕೆಲಸ ದಶಕಗಳ ಕಾಲ ಮದ್ರಾಸಿನಲ್ಲೇ ನಡೆಯಿತು. ನೆಗೆಟಿವ್‌ಗಳು ಅಲ್ಲಿನ ಲ್ಯಾಬುಗಳಲ್ಲೇ ಉಳಿದವು. ಡಿಜಿಟಲ್ ಬಂದ ಮೇಲೆ ಲ್ಯಾಬುಗಳು ಒಂದೊಂದಾಗಿ ಫಿಲ್ಮ್ ತೊಳೆಯುವುದನ್ನು ನಿಲ್ಲಿಸಿದವು. ನಿರ್ಮಾಪಕರು ತೀರಿಕೊಂಡಿದ್ದರೆ, ಮಕ್ಕಳಿಗೆ ಆಸಕ್ತಿ ಇಲ್ಲದಿದ್ದರೆ ಡಬ್ಬ ಕೇಳುವವರೇ ಇಲ್ಲ. ಫಿಲ್ಮಿನಲ್ಲಿರುವ ಬೆಳ್ಳಿಯನ್ನು ತೆಗೆಯಲು ಹಳೆ ಪ್ರಿಂಟುಗಳನ್ನು ತೂಕಕ್ಕೆ ಮಾರಿದ್ದೂ ಉಂಟು.

ಇಟ್ಟುಕೊಂಡರೂ ಸಾಲದು. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮಿಗೆ ಸೆಕೆ ಮತ್ತು ತೇವ ಎರಡೂ ಆಗದು. ನಿಧಾನಕ್ಕೆ ಅಸಿಟಿಕ್ ಆಮ್ಲ ಬಿಡುತ್ತದೆ, ಡಬ್ಬ ತೆರೆದರೆ ವಿನಿಗರ್ ವಾಸನೆ. ಫಿಲ್ಮ್ ಕುಗ್ಗಿ, ಸುರುಳಿಗಟ್ಟಿ, ಕೊನೆಗೆ ಸ್ಕ್ಯಾನರಿಗೆ ಹಾಕಲಾಗದಂತೆ ಆಗುತ್ತದೆ. ಒಂದು ಡಬ್ಬದ ಆಮ್ಲ ಪಕ್ಕದ ಡಬ್ಬವನ್ನೂ ಕೆಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆಗೇ ಬೂಸ್ಟು ಹಿಡಿಯುವ ನಮ್ಮ ಊರಿನಲ್ಲಿ, ಮನೆಯ ಅಟ್ಟದಲ್ಲಿಟ್ಟ ರೀಲಿನ ಗತಿ ಏನು ಎಂದು ಊಹಿಸಬಹುದು.

ದೊಡ್ಡವರೂ ಇದರಿಂದ ಪಾರಾಗಿಲ್ಲ. 1975ರ ‘ಶೋಲೆ’ಯ ಮೂಲ ನೆಗೆಟಿವ್ ಇದೇ ಕಾಯಿಲೆಯಿಂದ ತೀರಾ ಹಾಳಾಗಿತ್ತು. ಬೇರೆ ಕಡೆ ಉಳಿದಿದ್ದ ಸಾಮಗ್ರಿ ಹುಡುಕಿ, ಹಳೆ ಸಿನಿಮಾಗಳನ್ನು ಉಳಿಸುವ ಸಂಸ್ಥೆ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಸರಿಪಡಿಸಿತು. ಸೆನ್ಸಾರ್ ಬದಲಾಯಿಸಿದ್ದ ಹಳೆ ಕೊನೆಯನ್ನೂ ಸೇರಿಸಿ 2025ರಲ್ಲಿ ತೋರಿಸಿದರು. ಇನ್ನೊಂದು ತುದಿಯಲ್ಲಿ ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’. ಅದರ ಒಂದು ಪ್ರತಿಯೂ ಉಳಿದಿಲ್ಲ.

ಇವೆರಡರ ನಡುವೆ ‘ಘಟಶ್ರಾದ್ಧ’ ಇದೆ. ಗಿರೀಶ ಕಾಸರವಳ್ಳಿ ಅವರ 1977ರ ಈ ಚಿತ್ರವನ್ನು ಅದೇ ಸಂಸ್ಥೆ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ಫೌಂಡೇಶನ್ ಸೇರಿ ಪುನರುಜ್ಜೀವನಗೊಳಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಇದು ಹುಟ್ಟುಹಬ್ಬದ ಲೆಕ್ಕದಲ್ಲಿ ಆದ ಕೆಲಸ ಅಲ್ಲ. ಹಣ ಕೊಟ್ಟವರು ಟಿಕೆಟ್ ಮಾರಾಟ ನಂಬಿ ಕೊಟ್ಟದ್ದೂ ಅಲ್ಲ. ಮಾರುಕಟ್ಟೆಗೆ ಬಿಟ್ಟಿದ್ದರೆ ಬಹುಶಃ ಆಗುತ್ತಲೇ ಇರಲಿಲ್ಲ.

‘4ಕೆ’ ಅಂದರೆ ಯಾವುದು?

ಹಾಗಾದರೆ ವರ್ಷಕ್ಕೆ ಇಷ್ಟೊಂದು ‘4ಕೆ’ ಸಿನಿಮಾ ಎಲ್ಲಿಂದ ಬರುತ್ತವೆ? ಎಲ್ಲವೂ ನೆಗೆಟಿವ್‌ನಿಂದ ಮಾಡಿದವಲ್ಲ. ಟಿವಿಗಾಗಿ ಹಿಂದೆ ಮಾಡಿದ ಪ್ರತಿಯನ್ನು ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿದರೂ ಪೋಸ್ಟರಿನಲ್ಲಿ ಅದೇ ಎರಡು ಅಕ್ಷರ ಹಾಕಬಹುದು, ತಡೆಯುವವರಿಲ್ಲ. ಮುಖಗಳು ಮೇಣದ ಹಾಗೆ ನುಣುಪಾಗಿ ಕಂಡರೆ, ಗುಂಪಿನಲ್ಲಿ ದೂರ ನಿಂತವರ ಕಣ್ಣು ಮೂಗು ಕಲಸಿದ್ದರೆ, ಅದು ಹಿಗ್ಗಿಸಿದ್ದು ಇರಬಹುದು. ಹಳೆ ಚೌಕ ಚಿತ್ರವನ್ನು ಅಗಲ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸುವುದೂ ಇದೆ. ನಟರ ಹಣೆ ಕಾಣದಿದ್ದರೆ ಸಂಶಯ ಪಡಬಹುದು.

ಹಕ್ಕಿನ ಗೋಜಲು

ಸಾಮಗ್ರಿ ಸಿಕ್ಕಿತು ಎಂದಿಟ್ಟುಕೊಳ್ಳಿ. ಅನುಮತಿ ಯಾರದ್ದು? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ‘ಕರ್ತೃ’ ನಿರ್ಮಾಪಕರು. ನಿರ್ದೇಶಕರಲ್ಲ, ನಟರಲ್ಲ. ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. 1965ರ ಚಿತ್ರದ ಹಕ್ಕು 2025ರ ಕೊನೆಗೆ ಮುಗಿಯುತ್ತದೆ. ಹಾಡಿನ ಸಾಹಿತ್ಯಕ್ಕೆ ಬೇರೆ ಲೆಕ್ಕ: ಬರೆದವರು ತೀರಿಕೊಂಡ ಮೇಲೆ 60 ವರ್ಷ.

ನಿರ್ಮಾಪಕರೂ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಿರಲಿಲ್ಲ. ಬಿಡುಗಡೆಗೆ ಮುಂಚೆಯೇ ಸಾಲಕ್ಕಾಗಿ ಏರಿಯಾ ಲೆಕ್ಕದಲ್ಲಿ ಹಂಚಿಕೆದಾರರಿಗೆ ಮಾರುತ್ತಿದ್ದರು. ಆಡಿಯೋ ಒಬ್ಬರಿಗೆ, ಟಿವಿ ಮತ್ತೊಬ್ಬರಿಗೆ, ವಿಡಿಯೋ ಮಗದೊಬ್ಬರಿಗೆ. 1985ರ ಕರಾರು ಪತ್ರದಲ್ಲಿ ಓಟಿಟಿ ಎಂಬ ಮಾತು ಇರಲು ಸಾಧ್ಯವೇ? ಹಾಗಾಗಿ ಈಗ ಅದು ಯಾರದ್ದು ಎಂಬ ಜಗಳ. ಪಿತ್ರಾರ್ಜಿತ ಜಾಗಕ್ಕೆ ಪಾಲುದಾರರೆಲ್ಲರ ಸಹಿ ಬೇಕಾಗುವ ಹಾಗೆ, ಒಬ್ಬರು ಒಪ್ಪದಿದ್ದರೂ ಸಿನಿಮಾ ಹಾಗೆಯೇ ಬಿದ್ದಿರುತ್ತದೆ. ಯೂಟ್ಯೂಬಿನಲ್ಲಿ ಇಡೀ ಸಿನಿಮಾ ಇದ್ದು ಹಾಡು ಬಂದಾಗ ಮಾತ್ರ ಸದ್ದು ಹೋಗುವುದಕ್ಕೂ ಎಷ್ಟೋ ಸಲ ಇದೇ ಕಾರಣ.

ಮರುಬಿಡುಗಡೆಯ ಹಣ ಕಲಾವಿದರಿಗೆ ಹೋಗುತ್ತದೆ ಎಂಬ ನಂಬಿಕೆಯೂ ಇದೆ. 2012ರ ತಿದ್ದುಪಡಿ ಗೀತರಚನೆಕಾರರಿಗೆ ಮತ್ತು ಸಂಗೀತ ನಿರ್ದೇಶಕರಿಗೆ ರಾಯಲ್ಟಿ ಹಕ್ಕು ಕೊಟ್ಟಿತು, ನಿಜ. ಆದರೆ ಚಿತ್ರಮಂದಿರದಲ್ಲಿ ಸಿನಿಮಾದ ಜೊತೆಗೇ ಹಾಡು ಬಂದರೆ ಅದಕ್ಕೆ ಈ ಹಕ್ಕು ಇಲ್ಲ. ಇಡೀ ಥಿಯೇಟರು ಎದ್ದು ನಿಂತು ಹಾಡಿದರೂ ಆ ಟಿಕೆಟ್ಟಿನಿಂದ ಹಾಡು ಬರೆದವರಿಗೆ ಈ ಕಾಯ್ದೆಯ ರಾಯಲ್ಟಿ ಬರುವುದಿಲ್ಲ. ನನಗೆ ಇದು ಅನ್ಯಾಯ ಅನಿಸುತ್ತದೆ. 2012ರಲ್ಲಿ ಮರುಬಿಡುಗಡೆ ಇಷ್ಟು ದೊಡ್ಡ ವ್ಯಾಪಾರ ಆಗಬಹುದು ಎಂದು ಯಾರೂ ಎಣಿಸಿರಲಿಕ್ಕಿಲ್ಲ.

ಕರ್ತೃ ನಿರ್ಮಾಪಕರೇ ಎಂಬುದರ ಇನ್ನೊಂದು ಮುಖ 2025ರ ಆಗಸ್ಟ್‌ನಲ್ಲಿ ಕಂಡಿತು. 2013ರ ‘ರಾಂಝಣಾ’ದ ತಮಿಳು ಆವೃತ್ತಿಯನ್ನು ಹಕ್ಕುದಾರ ಸಂಸ್ಥೆ ಎಐ ಬಳಸಿ ಕೊನೆ ಬದಲಾಯಿಸಿ ಬಿಡುಗಡೆ ಮಾಡಿತು. ಸಾಯಬೇಕಿದ್ದ ನಾಯಕ ಬದುಕಿ ಎದ್ದ. ನಿರ್ದೇಶಕ ಆನಂದ್ ಎಲ್. ರಾಯ್ ಮತ್ತು ನಟ ಧನುಷ್ ಬಹಿರಂಗವಾಗಿ ವಿರೋಧಿಸಿದರು, ಬಿಡುಗಡೆ ನಿಲ್ಲಲಿಲ್ಲ. ನೆನಪಿಗಾಗಿ ದುಡ್ಡು ಕೊಟ್ಟು ಹೋದವರಿಗೆ ನೆನಪಿನಲ್ಲಿ ಇಲ್ಲದ್ದೇ ಸಿಗುವ ಕಾಲ ಬಂದಿದೆ ಎಂದಾಯಿತು.

ಯಾರು ಏನು ಹೇಳುತ್ತಾರೆ

ಹೊಸ ನಿರ್ಮಾಪಕರ ದೂರು ಸ್ಪಷ್ಟ. ಹೆಸರಿಲ್ಲದ ನಟರ ಸಿನಿಮಾಕ್ಕೆ ಬಾಯಿಮಾತಿನ ಪ್ರಚಾರ ಹಬ್ಬಲು ಮೂರು ನಾಲ್ಕು ದಿನ ಬೇಕು. ಸಂಜೆ ಶೋ ಇಲ್ಲದಿದ್ದರೆ ಕೆಲಸಕ್ಕೆ ಹೋಗುವವರು ನೋಡುವುದು ಯಾವಾಗ? ಸೋಮವಾರ ‘ಜನ ಇಲ್ಲ’ ಎಂದು ತೆಗೆದುಹಾಕುತ್ತಾರೆ. ಮಾಲೀಕರು ಹೇಳುವುದು, ಹಳೆಯದು ಬಾರದಿದ್ದರೆ ಆ ವಾರ ಬೀಗ ಹಾಕಬೇಕಾಗುತ್ತಿತ್ತು ಎಂದು. ಎರಡೂ ನಿಜ ಇರಬಹುದು. ಆದರೆ ಹೊಸ ಕನ್ನಡ ಸಿನಿಮಾದ ಸಂಜೆ ಶೋವನ್ನು ಹೆಚ್ಚಾಗಿ ಕಿತ್ತುಕೊಳ್ಳುವುದು ಬೇರೆ ಭಾಷೆಗಳ ದೊಡ್ಡ ಬಜೆಟ್ಟಿನ ಸಿನಿಮಾ. ವರ್ಷದಲ್ಲಿ ಕೆಲವೇ ವಾರ ಬರುವ ಹಳೆಯದರ ಮೇಲೆ ಪೂರ್ತಿ ತಪ್ಪು ಹೊರಿಸುವುದು ಸುಲಭ, ಅಷ್ಟೇ.

ಕರಾವಳಿಗೆ ಇದರಿಂದ ಏನು?

ಇಲ್ಲಿಯ ಪ್ರೇಕ್ಷಕರು ಒಂದೇ ಭಾಷೆಯವರಲ್ಲ. ಮುಂಬಯಿ ನಂಟಿನಿಂದ ಹಿಂದಿ, ಗಡಿಯಿಂದಾಗಿ ಮಲಯಾಳ, ಜೊತೆಗೆ ಕನ್ನಡ, ತುಳು. ಮಂಗಳೂರಿನ ಜ್ಯೋತಿ ಟಾಕೀಸಿನಲ್ಲೋ ಉಡುಪಿಯ ಕಲ್ಪನಾ, ಅಲಂಕಾರ್‌ನಲ್ಲೋ ಬೆಳೆದವರ ನೆನಪು ಮಿಶ್ರ. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಜ್ಯೋತಿ ಈಗ ನಿಲ್ದಾಣದ ಹೆಸರು, ಆ ವೃತ್ತಕ್ಕೆ ಅಂಬೇಡ್ಕರ್ ಹೆಸರಿದ್ದರೂ ಬಾಯಲ್ಲಿ ಅದೇ. ಸುಚಿತ್ರಾ, ಪ್ರಭಾತ್ ಟಾಕೀಸುಗಳಿಂದ ಹೆಸರಾದ ಕೆ.ಎಸ್. ರಾವ್ ರಸ್ತೆಯಲ್ಲೇ ಮಾಲ್ ಒಳಗಿನ ಮಲ್ಟಿಪ್ಲೆಕ್ಸ್ ಇದೆ. ಅಲ್ಲಿ ಯಾವ ಹಳೆ ಸಿನಿಮಾ ಬರಬೇಕು ಎಂಬುದನ್ನು ಹೆಚ್ಚಾಗಿ ಬೆಂಗಳೂರು, ಮುಂಬಯಿಯ ಕಚೇರಿಗಳೇ ತೀರ್ಮಾನಿಸುತ್ತವೆ. ಹಾಗಾಗಿ ಬರುವುದು ರಾಜ್ಯಕ್ಕೆಲ್ಲ ಒಂದೇ ಪಟ್ಟಿ. ಮಂಗಳೂರಿನವರ ನೆನಪು ಮಂಡ್ಯದವರ ನೆನಪಿಗಿಂತ ಬೇರೆ ಎಂಬ ಲೆಕ್ಕ ಅದರಲ್ಲಿ ಇರುವುದಿಲ್ಲ.

ತುಳುವಿನ ವಿಷಯದಲ್ಲಿ ಇದು ಇನ್ನೂ ಗಂಭೀರ. ಮೊದಲ ತುಳು ಚಿತ್ರ ‘ಎನ್ನ ತಂಗಡಿ’ 1971ರದ್ದು, ವಿಶುಕುಮಾರರ ‘ಕೋಟಿ ಚೆನ್ನಯ’ 1973ರದ್ದು. ಸಣ್ಣ ಬಂಡವಾಳ, ಬೆರಳೆಣಿಕೆಯ ಪ್ರಿಂಟು, ಈಗಿನ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆ ಮತ್ತು ಮುಂಬಯಿಯ ಮಾರುಕಟ್ಟೆ. ಇಂಥ ಚಿತ್ರಕ್ಕೆ ಚೌಕಟ್ಟು ಚೌಕಟ್ಟು ಸರಿಮಾಡುವ ಖರ್ಚು ಟಿಕೆಟ್ಟಿನಿಂದ ಎಂದೂ ವಾಪಸ್ ಬಾರದು. ಅಂದರೆ ಮರುಬಿಡುಗಡೆಯ ಅಲೆ ಎಷ್ಟೇ ಜೋರಾದರೂ ಇವುಗಳನ್ನು ಮುಟ್ಟುವುದಿಲ್ಲ. ‘ಘಟಶ್ರಾದ್ಧ’ಕ್ಕೆ ಆದಂತೆ ಹೊರಗಿನ ಹಣವೇ ಬೇಕು. ಚಲನಚಿತ್ರ ಅಕಾಡೆಮಿ, ತುಳು ಸಾಹಿತ್ಯ ಅಕಾಡೆಮಿ, ಕರಾವಳಿಯ ದೊಡ್ಡ ದೊಡ್ಡ ವಿದ್ಯಾಸಂಸ್ಥೆಗಳು, ದಾನಿಗಳು, ಯಾರಾದರೂ ಸರಿ.

ಆದರೆ ಹೆಚ್ಚು ಅವಸರ ಇರುವುದು ಇನ್ನೊಂದು ಕಡೆ. 2011ರಲ್ಲಿ ‘ಒರಿಯರ್ದೊರಿ ಅಸಲ್’ ಬಂತು. ರಂಗದಲ್ಲಿ ಗೆದ್ದ ನಾಟಕವನ್ನು ವಿಜಯಕುಮಾರ್ ಕೊಡಿಯಾಲ್‌ಬೈಲ್ ತೆರೆಗೆ ತಂದರು, ತುಳು ಸಿನಿಮಾಕ್ಕೆ ಮರುಜೀವ ಬಂತು. 2014ರಲ್ಲಿ ‘ಚಾಲಿಪೋಲಿಲು’ ದೀರ್ಘಕಾಲ ಓಡಿತು. ಅದೇ ವರ್ಷ ಮಲ್ಪೆಯ ಕಥೆಯ ಕನ್ನಡ ಚಿತ್ರ ‘ಉಳಿದವರು ಕಂಡಂತೆ’ ಥಿಯೇಟರಿನಲ್ಲಿ ಸೋತಿತು, ಆಮೇಲೆ ಹುಡುಗರ ಬಾಯಲ್ಲಿ ಬೆಳೆಯಿತು. ಆಗ ಕಾಲೇಜಿನಲ್ಲಿದ್ದವರು ಈಗ ಮೂವತ್ತು ದಾಟಿದ್ದಾರೆ, ಕೈಯಲ್ಲಿ ಸಂಬಳ ಇದೆ. ಇನ್ನು ಐದಾರು ವರ್ಷಕ್ಕೆ ಕರಾವಳಿಯಲ್ಲಿ ನೆನಪಿನ ಟಿಕೆಟ್ ಕೊಳ್ಳುವವರು ಇವರೇ. ಇವರಿಗೆ ಬೇಕಾಗುವುದು ತುಳು ಕಾಮಿಡಿ.

ಇವು ಬಂದದ್ದು ಡಿಜಿಟಲ್‌ಗೆ ದಾಟುವ ಹೊತ್ತಿನಲ್ಲಿ. ಡಿಜಿಟಲ್ ಅಂದರೆ ಶಾಶ್ವತ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಿರ್ಮಾಪಕರ ಮನೆಯ ಕಪಾಟಿನಲ್ಲಿ ಬಳಸದೆ ಬಿದ್ದ ಹಾರ್ಡ್ ಡಿಸ್ಕ್ ಹತ್ತು ಹದಿನೈದು ವರ್ಷದ ನಂತರ ತೆರೆಯದೇ ಇರಬಹುದು. ಥಿಯೇಟರಿಗೆ ಕಳಿಸುವ ಪ್ರತಿಗೆ ಡಿಜಿಟಲ್ ಬೀಗ ಇರುತ್ತದೆ, ಕೀಲಿ ಕೊಟ್ಟ ಅವಧಿ ಮುಗಿದರೆ ಅದು ಓಡುವುದಿಲ್ಲ. ಎಡಿಟಿಂಗ್ ಮಾಡಿದ ಸ್ಟುಡಿಯೋ ಮುಚ್ಚಿದ್ದರೆ ಮೂಲ ಕಡತಗಳೂ ಹೋದವು. ಹಾಳಾಗುತ್ತಿರುವ ಫಿಲ್ಮ್ ವಾಸನೆ ಕೊಟ್ಟಾದರೂ ಎಚ್ಚರಿಸುತ್ತದೆ. ಡಿಸ್ಕು ಒಂದು ದಿನ ಸುಮ್ನೆ ತೆರೆಯುವುದಿಲ್ಲ.

ಇದಕ್ಕೆ ಬೇಕಾದದ್ದು ಲಕ್ಷಾಂತರ ರೂಪಾಯಿಯ ಲ್ಯಾಬ್ ಅಲ್ಲ. ಬೀಗವಿಲ್ಲದ ಮಾಸ್ಟರ್ ಪ್ರತಿಯನ್ನು ಈಗಲೇ ಹುಡುಕಬೇಕು. ಅದರ ಎರಡು ಮೂರು ನಕಲು ಬೇರೆ ಬೇರೆ ಊರಿನಲ್ಲಿ ಇಡಬೇಕು, ಒಂದನ್ನಾದರೂ ದೀರ್ಘ ಬಾಳಿಕೆಯ ಡೇಟಾ ಟೇಪಿಗೆ ಹಾಕಬೇಕು. ಕೆಲವು ವರ್ಷಕ್ಕೊಮ್ಮೆ ತೆರೆದು ನೋಡಿ ಹೊಸ ಡಿಸ್ಕಿಗೆ ದಾಟಿಸಬೇಕು. ಜೊತೆಗೆ ಹಕ್ಕು ಯಾರಲ್ಲಿದೆ ಎಂದು ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. 2011ರ ನಿರ್ಮಾಪಕರು, ಸಂಕಲನಕಾರರು ಹೆಚ್ಚಿನವರು ಇನ್ನೂ ಇದೇ ಊರಿನಲ್ಲಿ ಫೋನಿಗೆ ಸಿಗುತ್ತಾರೆ. 1971ರವರ ವಿಷಯದಲ್ಲಿ ಆ ಅವಕಾಶ ಕೈತಪ್ಪಿದೆ.